ಒಣಗಿದ ಮೀಸೆ

ಯುದ್ಧ ಶುರುವಾದ ಮೇಲೆ ಪರದೇಶಿಗಳೆಲ್ಲ ವಾರಕ್ಕೊಮ್ಮೆ ಪೊಲೀಸ್ ಕಚೇರಿಗೆ ಬಂದು ಮುಖ ತೋರಿಸಿ ಹೋಗಬೇಕಿತ್ತು. ಆ ದಿನ ಸಾಲಿನಲ್ಲಿ ನನ್ನ ಮುಂದೆ ಭಾವಚಿತ್ರ ಬರೆಯುವ ಕಲಾವಿದನೂ ಅವನ ಹೆಂಡತಿಯೂ ನಿಂತಿದ್ದರು.

“ಚಿತ್ರಾನ ಒಲೆ ಹತ್ರ ಯಾಕೆ ಇಟ್ಟೆ?”

“ಬಣ್ಣ ಬೇಗ ಒಣಗ್ಲಿ ಅಂತ ರೀ. ಒಂದು ಮುಖಕ್ಕೆ ಮೂರು ತಿಂಗಳಾ? ನಿಮ್ಮ ಕೈಗೇನೋ ಆಗಿದೆ ಅಂದ್ಕೊಂಡೆ.”

“ಕೈ ನೆಟ್ಟಗಿದೆ ಕಣೇ. ಹಗಲೆಲ್ಲ ಇಲ್ಲಿನ ಪೊಲೀಸ್ ಸಾಹೇಬ್ರ ಮೀಸೆ ಬರೀತಿದ್ದೆ. ಸಂಜೆ ಬಣ್ಣ ಹಸಿ ಇರೋವಾಗ್ಲೇ ಚಾಕುವಿಂದ ಕೆರೆದು ತೆಗೀತಿದ್ದೆ.”

“ಅಯ್ಯೋ, ಯಾಕೆ?”

“ಮೆಲ್ಲಗೆ ಮಾತಾಡು. ನಮ್ಮೂರಿನ ಟೈಲರನ್ನ ಯಾವಾಗ ಎಳ್ಕೊಂಡು ಹೋದ್ರು?”

“ಸಾಹೇಬ್ರ ಕೋಟು ಹೊಲಿದು ಕೊಟ್ಟ ಮಾರನೇ ದಿನ.”

ಹೇಳಿದವಳೇ ಅವಳು ಗಂಡನ ಕಡೆ ತಿರುಗಿದಳು.

“ಅಂದ್ರೆ ನಮ್ಮ ಜೀವ ಆ ಮೀಸೇಲಿತ್ತಾ? ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ಹೆದರ್ತೀಯ ಅಂತ ಹೇಳ್ಲಿಲ್ಲ.”

“ಈಗೇನು ಕುಣೀತಿದೀನಾ? ಹೋಗಿ ಮತ್ತೆ ಕೆರೆದ್ಬಿಡಿ.”

“ಕಲ್ಲಾಗಿದೆ. ಕೆರೆದ್ರೆ ಬಟ್ಟೇನೇ ಹರಿಯುತ್ತೆ. ಬೆಳಿಗ್ಗೆ ಪೇದೆ ಬೇರೆ ಬಂದು ಮುಟ್ಟಿ ನೋಡ್ಕೊಂಡು ಹೋಗಿದಾನೆ.”

ಅಷ್ಟರಲ್ಲಿ ಆ ಪೇದೆಯೇ ಬಾಗಿಲಿಗೆ ಬಂದ. “ಏಯ್ ಚಿತ್ರದವನೇ, ಕೆಲಸ ಮುಗೀತಲ್ಲ! ಬಾ, ಸಾಹೇಬ್ರು ಕರೀತಿದಾರೆ.”

ಹೆಂಡತಿ ಗಂಡನ ತೋಳು ಹಿಡಿದು ಮುಂದೆ ನಡೆದಳು.

“ಎಲ್ಲಿ ಮುಗೀತಣ್ಣಾ? ಚಿತ್ರದಲ್ಲಿ ಸಾಹೇಬ್ರ ಪಕ್ಕ ಅಮ್ಮಾವ್ರಿಗೆ ಅಂತ ಜಾಗ ಬಿಟ್ಟಿದಾರೆ. ಗಂಡನ ಪಕ್ಕ ಹೆಂಡತಿ ಬೇಡ್ವಾ?”

ಆ ಜಾಗದ ಮಾತು ಮೊದಲ ಸಲ ಕೇಳಿದವನಂತೆ ಕಲಾವಿದ ಅವಳ ಮುಖ ನೋಡಿದ. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಸಾಲು ಮುಂದೆ ಸರಿಯಿತು. ನಾವೂ ಸರಿದೆವು.