ಧರೆಪ್ಪನ ಕಂಕಣ

ಕೃಷ್ಣೆ ಉಕ್ಕಿ ಸೇತುವೆ ಮುಳುಗಿದ್ದರಿಂದ ನಮ್ಮ ಟೆಂಪೊ ಅಂಕಲಿಯಲ್ಲೇ ನಿಂತಿತು. ಗಂಡಸನ್ನೇ ಪ್ರೀತಿಸಿದ್ದಕ್ಕೆ ಹಿಂದಿನ ಕಾಲದಲ್ಲಿ ಹಿಂಸೆ ಅನುಭವಿಸಿದ ರಾಜರು, ಕವಿಗಳಂಥ ಗಂಡಸರ ಬದುಕನ್ನು, ಅವರಿದ್ದ ಊರುಗಳಿಗೇ ಹೋಗಿ ತಿಳಿಯಬೇಕೆಂದು ನಿಪ್ಪಾಣಿಯ ಸ್ನೇಹಲ ಹೊರಡಿಸಿದ್ದ ಪ್ರವಾಸ ಅದು. ಸಂಜೆ ಮಳೆಯಲ್ಲಿ ತೊಯ್ದು ನಿಂತ ನಮ್ಮನ್ನು ಕಸ್ತೂರೆವ್ವ ಎಂಬ ಎಂಬತ್ತು ದಾಟಿದ ಮುದುಕಿ ತನ್ನ ಪಡಸಾಲೆಗೆ ಕರೆದು ಚಹಾ ಕೊಟ್ಟಳು. ಯಾರನ್ನು ಹುಡುಕಿಕೊಂಡು ಹೊರಟಿದ್ದೇವೆಂದು ಸ್ನೇಹಲ ಅಂಜುತ್ತಲೇ ಹೇಳಿದಾಗ, ಮುದುಕಿ ಬಾಯಲ್ಲಿನ ಎಲೆಯಡಿಕೆಯನ್ನು ಅಂಗಳಕ್ಕೆ ಉಗುಳಿದಳು. ಇನ್ನು ಹೊರಗೆ ಹಾಕುತ್ತಾಳೆ ಅಂದುಕೊಂಡೆ. ಅವಳು ಬಂದು ನಮ್ಮೆದುರಿಗೇ ಕೂತಳು.

“ಸತ್ತ ರಾಜರನ್ನ, ಕವಿಗಳನ್ನ ಹುಡುಕ್ಕೊಂತ ಹೊಂಟೀರಿ. ಬಾಜೂ ಮನೀ ಧರೆಪ್ಪನ್ನ ಯಾರ ಕೇಳ್ತೀರಿ?

“ನಾ ಈ ಮನಿಗೆ ಸೊಸಿಯಾಗಿ ನಡ್ಯಾಕ ಬಂದ ವರ್ಷದ ಮಾತು. ಬಾಜೂದಾಗ ಕಬ್ಬಿನ ಹೊಲದ ಸಾವಕಾರ ಬಾಪುಸಾಹೇಬ, ಅವನ ತಮ್ಮ ಧರೆಪ್ಪ. ಅವರ ಗಾಣದಾಗ ಬೆಲ್ಲ ಕುದಸಾಕ ವಿಠೋಬಾ ಅಂತ ಒಬ್ಬಾಂವ ಬರ್ತಿದ್ದ. ಅಂವ, ಧರೆಪ್ಪ ಒಂದ ತಾಟಿನ್ಯಾಗ ಉಣ್ಣಾವ್ರು, ಒಂದ ಕಂಬಳ್ಯಾಗ ಮಲಗಾವ್ರು. ಊರಿಗೆಲ್ಲ ಗೊತ್ತಿತ್ರಿ. ಬೆಲ್ಲ ಚಲೋ ಬರೂತನಕ ಯಾರೂ ಪಿಟ್ ಅನ್ನಲಿಲ್ಲ. ಆಮ್ಯಾಲ ಅಣ್ಣ ಲಗ್ನ ಗೊತ್ತ ಮಾಡಿದ. ‘ಇನ್ನೊಬ್ಬರ ಮನೀ ಹೆಣ್ಣಿನ ಬಾಳೇ ಹಾಳ ಮಾಡೂದಿಲ್ಲ’ ಅಂದ ಧರೆಪ್ಪ. ಅಷ್ಟಕ್ಕ... ಒಡಹುಟ್ಟಿದಾಂವನ್ನ ದನದ ಕೊಟಗ್ಯಾಗ ಕಟ್ಟಿ ಬಡದ್ರು, ಬಾಯಾಗ ಸಗಣಿ ತುರಕಿದ್ರು. ಅಲ್ಲೇ ಸತ್ತ ಹ್ವಾದ.

“ಲಗ್ನ ಆಗದ ಗಂಡಸು ಸತ್ರ ದೆವ್ವ ಆಗ್ತಾನಂತ ಹೆದರಿಕಿ. ಕೊಂದದ್ದಕ್ಕ ಹೆದರಲಿಲ್ಲ ನೋಡ್ರಿ, ದೆವ್ವಕ್ಕ ಹೆದರಿದ್ರು! ಬೇಲ್ಯಾಗಿನ ಎಕ್ಕಿ ಗಿಡ ಕಿತ್ತ ತಂದು, ಹೆಣಕ್ಕ ಅರಿಷಿಣ ಹಚ್ಚಿ, ಹೆಣದ ಕೈಗೂ ಗಿಡಕ್ಕೂ ಕೂಡಿಸಿ ಒಂದ ಕಂಕಣ ಕಟ್ಟಿ ಲಗ್ನ ಮಾಡಿದ್ರು. ಬಡದ ಕೈಲೇನ ಬಾಪುಸಾಹೇಬ ಅಕ್ಕಿಕಾಳ ಹಾಕಿದ. ಆ ಅಕ್ಕಿಕಾಳಿನ ಮ್ಯಾಲ ನೊಣ ಮುತ್ತಿದ್ದು... ಥೂ! ಇವತ್ತಿಗೂ ನಾ ಯಾರ ಲಗ್ನದಾಗೂ ಅಕ್ಕಿಕಾಳ ಹಾಕಂಗಿಲ್ಲ.

“ನಮ್ಮ ಕಡೆ ಲಗ್ನ ಮುಗದ ಮ್ಯಾಲ ಗಂಡನ ಕಂಕಣ ಹೆಂಡತಿ ಬಿಚ್ಚಬೇಕು. ಗಿಡಕ್ಕ ಕೈ ಎಲ್ಲಿಂದ ಬರಬೇಕ್ರಿ? ಶಾಣ್ಯಾರ ಯಾರ ತಲಿಗೂ ಅದು ಹೊಳೀಲಿಲ್ಲ. ಹೊಳದದ್ದು ವಿಠೋಬಾಗ. ಕುಣೀತನಕ ಓಡಿ ಬಂದು, ‘ನಾ ಬಿಚ್ಚತೀನ್ರಿ ಸಾವಕಾರ್ರ, ಅದು ನನ್ನ ಹಕ್ಕು’ ಅಂದ. ಒದ್ದು ಕಳಿಸಿದ್ರು. ಸಾಂಗಲಿ ಕಡೆ ಹ್ವಾದಾಂವ ಮತ್ತ ಮಾರಿ ತೋರಸಲಿಲ್ಲ. ಧರೆಪ್ಪನ್ನ ಗಿಡ, ಕಂಕಣದ ಸಮೇತ ಮಣ್ಣ ಮಾಡಿದ್ರು.

“ಅವತ್ತಿಂದ, ಆ ಮನ್ಯಾಗ ಯಾರ ಲಗ್ನ ಆಗ್ಲಿ, ಅರಿಷಿಣದ ದಿನ ಧರೆಪ್ಪ ಬರ್ತಾನ. ಯಾರಿಗೂ ಏನೂ ಮಾಡಂಗಿಲ್ಲ, ಪಾಪ. ಬಾಗಲದಾಗ ನಿಂತು ಕೈ ಮುಂದ ಮಾಡ್ತಾನ. ಕೈಯಾಗ ಕೊಳತ ಗಿಡ ಜೋತಾಡತಿರತೈತಿ, ಅದರ ಹಾಲು ಹೊಸ್ತಿಲ ಮ್ಯಾಲ ಹನಿಹನಿ ಬೀಳತೈತಿ. ‘ಬಿಚ್ಚರಿ’ ಅಂತಾನ, ಅಷ್ಟ. ಬಾಪುಸಾಹೇಬ ಸಾಯೂತನಕ ಬಾಗಲಾ ಹಾಕ್ಕೊಂಡ ಕುಂತ, ಬಿಚ್ಚಲಿಲ್ಲ.

“ಇವತ್ತ ಮುಂಜಾನೆ ಆ ಮನ್ಯಾಗ ಮತ್ತ ಅರಿಷಿಣ ಇತ್ತು. ಬಾಪುಸಾಹೇಬನ ಮೊಮ್ಮಗ ಸಿದ್ದಲಿಂಗಂದು. ಅಂವಾನೂ ಧರೆಪ್ಪನಂಗ, ಅಂವಾನೂ ಒಲ್ಲೆ ಅಂದಾನ, ಅಂವನ ಬೆನ್ನ ಮ್ಯಾಲೂ ಬಾಸುಂಡಿ ಎದ್ದಾವ. ಹಾಡ ಹೇಳಾಕ ಹೋದ ನನ್ನನ್ನ ಕ್ವಾಣ್ಯಾಗ ಹಿಡಕೊಂಡು, ಕಂಕಣ ಕಟ್ಟಿದ ಕೈ ಮುಂದ ಮಾಡಿ, ‘ಆಯಿ, ಇದನ್ನ ಬಿಚ್ಚ’ ಅಂತ ಅತ್ತ. ಬಿಚ್ಚಿದ್ನಿ. ಹಿತ್ತಲ ಬಾಗಲಾ ತಗದು ಚಿಕ್ಕೋಡಿ ಬಸ್ಸಿಗೆ ಕಳಿಸಿದ್ನಿ. ಈಗ ಊರೆಲ್ಲ ಹುಡುಕಾಕತ್ತಾರ... ಹುಡುಕ್ಲಿ.

“ಅಂವ ಹ್ವಾದ ಮ್ಯಾಲ ಅದ ಬಾಗಲದಾಗ ಇನ್ನೊಂದ ಕೈ ಬಂತು. ತಣ್ಣಗ... ಮಣ್ಣ ಮೆತ್ತಿದ್ದು. ನಾ ಅಂಜಲಿಲ್ರಿ, ಅದನ್ನೂ ಬಿಚ್ಚಿದ್ನಿ. ಕೆಳಗ ಇನ್ನೊಂದ ಗಂಟು. ಅದನ್ನ ಬಿಚ್ಚಿದ್ರ ಮತ್ತೊಂದು. ಇಷ್ಟ ವರ್ಷದ ದಾರ ಕೊಳತ ಹೋಗಿರಬೇಕಿತ್ತ, ಹೌದಿಲ್ಲೋ? ಹಸೀ ಅರಿಷಿಣ ಇತ್ರಿ ಅದರಾಗ... ಈಗರ ಕಟ್ಟಿದಂಗ. ಎಲ್ಲೆಲ್ಲಿ, ಒಲ್ಲೆ ಅಂದ ಯಾರ್ಯಾರ ಕೈಗೆ ಕಟ್ಟಾಕತ್ತಾರೋ ಏನೋ... ಧರೆಪ್ಪನ ಕೈಯಾಗ ಹೊಸಾ ಗಂಟು ಬರಾಕತ್ತಾವ.”