ಕ್ಲೂಸೆನರ್ ಮೇಷ್ಟ್ರ ಎಂಜಲು ಪೀಪಿ

ಬಾವಿ ಹತ್ರ ಬರೋ ಹೊತ್ತಿಗೆ ವೀಬ್ಕೆಗೆ ಆ ಸದ್ದು ಕೇಳಿಸ್ತು.

ಸುರ್ರ್...

ನಿಂತ್ಲು.

ವೀಬ್ಕೆ ಅಂದ್ರೆ ನಮ್ಮ ಮನೆ ಅಟ್ಟದ ಕೋಣೇಲಿ ಬಾಡಿಗೆಗಿದ್ದ ಹುಡುಗಿ. ಇದನ್ನ ಅವಳ ಬಾಯಿಂದ ನನ್ನ ಹೆಂಡ್ತಿ ಕೇಳಿದ್ದು, ಹೆಂಡ್ತಿ ಬಾಯಿಂದ ನಾನು ಕೇಳಿದ್ದು. ನಡುವೆ ನಾನು ಒಂದಕ್ಷರ ಸೇರಿಸಿಲ್ಲ.

ಜನವರಿ ತಿಂಗಳು. ರೂರ್ ಹೊಳೆಯಿಂದ ಮಂಜು ಎದ್ದು ಗುಡ್ಡ ಹತ್ತಿ ಬಂದು ಹಳೇ ಮಠದ ಅಂಗಳ ತುಂಬ್ಕೊಂಡಿತ್ತು. ಸನ್ಯಾಸಿಗಳು ಬಿಟ್ಟು ಹೋಗಿ ಎಷ್ಟೋ ಕಾಲ ಆಯ್ತು. ಈಗ ಅಲ್ಲಿ ಸಂಗೀತ, ನಾಟಕ, ಕುಣಿತ, ವಿನ್ಯಾಸ ಕಲಿಯೋ ಹುಡುಗರದ್ದೇ ರಾಜ್ಯ. ಹಗಲಲ್ಲಿ ಒಂದು ಕಿಟಕಿಯಿಂದ ಪಿಟೀಲು, ಇನ್ನೊಂದರಿಂದ ಯಾರೋ ಗೋಳೋ ಅಂತ ಅಳೋದನ್ನ ಅಭ್ಯಾಸ ಮಾಡೋದು. ಆ ರಾತ್ರಿ ಹೊತ್ತಲ್ಲಿ ಮಾತ್ರ ಒಂದು ಕಿಟಕೀಲೂ ದೀಪ ಇರ್ಲಿಲ್ಲ. ಅಂಗಳದ ನಡುವೆ ಲಿಂಡನ್ ಮರ, ಮರದ ಬುಡದಲ್ಲಿ ಬಾವಿ. ಅದರ ಆಳ ಕಂಡೋರಿಲ್ಲ. ನಮ್ಮಜ್ಜನ ಕಾಲದಲ್ಲಿ ಒಂದು ಕುದುರೆ ಬಿದ್ದಿತ್ತು. ಬಿದ್ದ ಸದ್ದು ಮಾರನೇ ದಿನ ಊಟದ ಹೊತ್ತಿಗೆ ಕೇಳಿಸ್ತಂತೆ.

ಸುರ್ರ್... ಸುರ್ರ್... ಚಪ್.

ಯಾರೋ ಸಾರು ಹೀರಿದ ಹಾಗೆ, ಅಂದ್ಕೊಂಡ್ರಿ ಅಲ್ವಾ. ಅಲ್ಲ. ಓಬೋ ಅಂತ ಒಂದು ವಾದ್ಯ, ಓಲಗದ ದೂರದ ನೆಂಟ. ಕರೀ ಕೊಳವೆ, ಅದರ ತುದಿಗೊಂದು ಪೀಪಿ. ಜೊಂಡಿನ ಎರಡು ತೆಳ್ಳನೆ ಎಸಳು ಸೇರಿಸಿ ದಾರ ಸುತ್ತಿರ್ತಾರೆ. ಒಣಗಿದ್ರೆ ಆ ಪೀಪಿ ನುಡಿಯಲ್ಲ. ನೀರಲ್ಲಿ ತೊಯ್ಸಬೇಕು, ಬಾಯಲ್ಲಿ ಇಟ್ಕೊಂಡಿರಬೇಕು, ಒಳಗೆ ಸೇರಿದ ಎಂಜಲನ್ನ ಆಗಾಗ ವಾಪಸ್ ಹೀರ್ಕೋಬೇಕು. ಸುರ್ರ್ ಅಂತ. ಮಠದಲ್ಲಿ ಆ ಸದ್ದನ್ನ ಅಷ್ಟು ಜೋರಾಗಿ, ಪಾಯಸ ಹೀರಿದಷ್ಟು ರುಚಿಯಾಗಿ ಮಾಡ್ತಿದ್ದೋರು ಒಬ್ಬರೇ. ಓಬೋ ಕಲಿಸ್ತಿದ್ದ ಕ್ಲೂಸೆನರ್ ಮೇಷ್ಟ್ರು, ವೀಬ್ಕೆಯ ಗುರುಗಳು.

ಅವರನ್ನ ಅಕ್ಟೋಬರಲ್ಲೇ ಮಣ್ಣು ಮಾಡಿ ಆಗಿತ್ತು.

ಬಾವಿ ಒಳಗಿಂದ ತಣ್ಣಗೆ ಒಂದು ದನಿ ಬಂತು.

"ತೊಯ್ಸಿದೀಯಾ..."

ಪಾಠಕ್ಕೆ ಮುಂಚೆ ಮೇಷ್ಟ್ರು ಕೇಳ್ತಿದ್ದ ಮಾತು ಅದು. ಬಂದೋರನ್ನ ಹೇಗಿದೀಯ ಅಂತ ಅವರು ಯಾವತ್ತೂ ಕೇಳಿದ್ದಿಲ್ಲ. ತೊಯ್ಸಿದೀಯಾ, ಅಷ್ಟೇ.

ವೀಬ್ಕೆ ತಿರುಗಿ ನೋಡ್ಲಿಲ್ಲ. ವಾದ್ಯದ ಪೆಟ್ಟಿಗೆ ಎದೆಗವಚಿಕೊಂಡು ಓಡಿದ್ಲು.

ನಮ್ಮ ಅಡುಗೆಮನೇಲಿ ಮಾಲ್ಟೆ ಬಕೆಟ್ಟಿಗೆ ಕಾಲು ಇಳಿಬಿಟ್ಕೊಂಡು ಕೂತಿದ್ದ. ಕುಣಿತ ಕಲಿಯೋ ಹುಡುಗ, ಅವಳ ಪಕ್ಕದ ಕೋಣೆಯೋನು. ಉಪ್ಪುನೀರಲ್ಲಿ ಒಡೆದ ಬೊಬ್ಬೆ, ಸುಲಿದ ಚರ್ಮ, ಒಂದು ಇಡೀ ಉಗುರು ತೇಲ್ತಿದ್ವು. ಕೈಲಿ ಬೆಣ್ಣೆ ಸವರಿದ ಬ್ರೆಡ್ಡು.

"ಏನೇ ಇದು, ಮುಖ ಸುಣ್ಣ ಬಳ್ದಂಗಿದೆ."

"ಸುಮ್ನಿರೋ. ಪೀಪಿ ಹೋಯ್ತು."

"ಎಲ್ಲಿಗೆ ಹೋಯ್ತು?"

"ಹಲ್ಲಿಗೆ ತಾಗಿ ತುದಿ ಸೀಳ್ತು. ಚೆನ್ನಾಗಿ ನುಡೀತಿದ್ದಿದ್ದು ಅದೊಂದೇ. ನಾಳೆ ಬೆಳಿಗ್ಗೆ ಪರೀಕ್ಷೆ."

"ಕೂತು ಹೊಸದೊಂದು ಕೆತ್ತು ಮತ್ತೆ."

"ಕೆತ್ತಿದ್ದು ಹದಕ್ಕೆ ಬರೋಕೆ ದಿನಗಟ್ಲೆ ಬೇಕು ಕಣೋ. ನೀನು ಕಾಲು ಮುರ್ಕೊಂಡು ನಾಳೆ ಹೊತ್ತಿಗೆ ಹೊಸದು ಬೆಳೆಸ್ಕೊತೀಯಾ?"

ಮಾಲ್ಟೆ ತಿನ್ನೋದು ನಿಲ್ಲಿಸಿದ. ಅವನಿಗೂ ಗೊತ್ತಿತ್ತು. ಹೋದ ವರ್ಷ ಕೊನೇ ಪರೀಕ್ಷೇಲಿ ವೀಬ್ಕೆ ಫೇಲಾಗಿದ್ಲು. ಎರಡನೇ ಸಲ ಫೇಲಾದ್ರೆ ಮೂರನೇದು ಅಂತ ಇಲ್ಲ. ಅಷ್ಟು ವರ್ಷದ ಕಲಿಕೆ ಅಲ್ಲಿಗೆ ಮುಗೀತು, ಪೆಟ್ಟಿಗೆ ಕಟ್ಕೊಂಡು ಊರಿಗೆ ಹೋಗ್ಬೇಕು.

"ಯಾರ ಹತ್ರನಾದ್ರೂ ಒಂದು ಇಸ್ಕೋ."

"ಥೂ. ಒಬ್ಬರು ಬಾಯಿಗಿಟ್ಟಿದ್ದು ಇನ್ನೊಬ್ಬರು ಇಡೋದಾ?" ಅಂದ್ಲು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ್ಲು. "ಒಂದಿದೆ..."

"ಯಾರದು?"

"ಕ್ಲೂಸೆನರ್ ಮೇಷ್ಟ್ರದ್ದು."

ಇಲ್ಲೊಂದು ವಿಷ್ಯ ಹೇಳ್ಬೇಕು. ಮೇಷ್ಟ್ರು ಸತ್ತಿದ್ದು ಪಾಠ ಹೇಳ್ತಾ ಹೇಳ್ತಾನೇ, ಕುರ್ಚಿ ಮೇಲೆ, ಪೀಪಿ ಬಾಯಲ್ಲಿ ಕಚ್ಕೊಂಡು. ಬಿಡಿಸ್ಕೊಳ್ಳೋಕೆ ಮೂರು ಜನ, ಒಂದು ಸೌಟು ಬೇಕಾಯ್ತು. ಆ ಮಠದ ಓಬೋ ನುಡಿಸೋರಲ್ಲಿ ಒಂದು ಪದ್ಧತಿ. ನುಡಿಸೋನು ಸತ್ರೆ ಅವನ ಕೊನೇ ಪೀಪಿಯ ತುದಿ ಮುರಿದು ಹೆಣದ ಜೊತೆ ಗುಂಡಿಗೆ ಹಾಕ್ಬೇಕು. ಹಾಕೋವರೆಗೂ ಸತ್ತೋನ ಬಾಯಿ ಮುಚ್ಚಿದ ಹಾಗಲ್ಲ ಅಂತ ನಂಬಿಕೆ. ಆ ಕೆಲಸ ದೊಡ್ಡ ಶಿಷ್ಯರದ್ದು. ದೊಡ್ಡ ಶಿಷ್ಯೆ ಅಂದ್ರೆ ವೀಬ್ಕೆ.

"ಎಲ್ಲರೆದುರಿಗೆ ನೀನೇ ಮುರಿದು ಹಾಕಿದ್ಯಲ್ಲೇ. ನಾನೇ ಕೊಡೆ ಹಿಡಿದಿದ್ದೆ," ಅಂದ ಮಾಲ್ಟೆ.

"ಅದು ನಂದು ಕಣೋ. ಕೆಲಸಕ್ಕೆ ಬಾರದ್ದೊಂದು ಇತ್ತು, ಅದನ್ನ ಮುರಿದೆ. ಅವರದ್ದನ್ನ ಮುರಿಯೋಕೆ ಮನಸ್ಸಾಗ್ಲಿಲ್ಲ. ಅಂಥ ಕೆತ್ತನೆ ಇನ್ಯಾರ ಕೈಲೂ ಆಗಲ್ಲ."

ಮಾಲ್ಟೆ ಬಕೆಟ್ಟಿಂದ ಕಾಲು ತೆಗೆದ.

"ಹೆಣದ ಬಾಯಿಂದ ಕಿತ್ತಿದ್ದನ್ನ ಬಾಯಿಗಿಟ್ಕೊತೀಯಾ?"

"ನಿನ್ನ ಬಕೆಟ್ಟಿಗಿಂತ ವಾಸಿ."

"ಬಕೆಟ್ಟಲ್ಲಿರೋದು ನನ್ನ ಚರ್ಮ ಕಣೇ," ಅಂದ ಮಾಲ್ಟೆ.

ಅವಳು ನನ್ನ ಹೆಂಡ್ತಿ ಹತ್ರ ಬಂದು, ಪೀಪಿ ತೊಯ್ಸೋಕೆ ಒಂದು ಪುಟ್ಟ ಬಟ್ಟಲು ಕೇಳಿದ್ಲು. ಬೇಯಿಸಿದ ಮೊಟ್ಟೆ ನಿಲ್ಸೋ ಬಿಳೀ ಬಟ್ಟಲು ಎರಡಿತ್ತು ನಮ್ಮನೇಲಿ, ಒಂದು ಅವಳದ್ದು, ಒಂದು ನನ್ನದು. ನನ್ನದನ್ನೇ ಎತ್ತಿ ಕೊಟ್ಲು, ಪುಣ್ಯಾತ್ಗಿತ್ತಿ.

ಅಟ್ಟಕ್ಕೆ ಹೋಗಿ ವೀಬ್ಕೆ ಬಾಗಿಲು ಹಾಕ್ಕೊಂಡ್ಲು. ಪೀಪಿ ಇಟ್ಟಿದ್ದು ಬೇಸಿಗೆ ಬಟ್ಟೆಗಳ ಅಡೀಲಿ, ಒಂದು ಕಾಲುಚೀಲದೊಳಗೆ. ಅಕ್ಟೋಬರಿಂದ ಅಲ್ಲೇ ಬಿದ್ದಿದ್ದು ಒಣಗಿ ಸೌದೆ ಆಗಿರ್ಬೇಕಿತ್ತು. ಕೈ ಹಾಕಿದ್ಲು.

ಒದ್ದೆ.

ಕಾಲುಚೀಲದ ತುದಿ ಪೂರ್ತಿ ನೆಂದು ಲೋಳೆ ಲೋಳೆಯಾಗಿ ಬೆರಳಿಗೆ ಅಂಟ್ಕೊಳ್ತು. ಪೀಪಿಯನ್ನ ಬಟ್ಟಲ ನೀರಿಗೆ ಹಾಕಿದ್ಲು. ನೀರು ಮೆಲ್ಲಗೆ ಬೆಳ್ಳಗಾಯ್ತು, ಗಂಜಿ ತಿಳಿಯ ಹಾಗೆ. ಚೆಲ್ಲಿದ್ಲು. ಹೂಜಿಯಿಂದ ಹೊಸ ನೀರು ಹಾಕಿದ್ಲು. ಮತ್ತೆ ಬೆಳ್ಳಗಾಯ್ತು. ಕೊನೆಗೆ ಪಕ್ಕದ ಕೋಣೆಯಿಂದ ಮಾಲ್ಟೆಯ ಸಾರಾಯಿ ಬಾಟ್ಲಿ ತಂದು, ಸುರಿದು ಉಜ್ಜಿದ್ಲು. ಕಣ್ಣು ಮುಚ್ಕೊಂಡು ತುಟಿ ನಡುವೆ ಇಟ್ಲು.

ಬೆಚ್ಚಗಿತ್ತು. ಆಗ ತಾನೇ ಯಾರೋ ಬಾಯಿಂದ ತೆಗೆದು ಕೊಟ್ಟಷ್ಟು ಬೆಚ್ಚಗೆ.

ಮೊದಲು ಸೋಂಪಿನ ಗುಳಿಗೆ ವಾಸನೆ. ಅದರ ಹಿಂದೆ ಅಗ್ಗದ ಚುಟ್ಟ. ಅದರ ಹಿಂದೆ, ನಾಲಿಗೆ ಬುಡಕ್ಕೆ... ಹುಳಿ ಹಾಕಿಟ್ಟ ಹೆರಿಂಗ್ ಮೀನು, ಹಸೀ ಈರುಳ್ಳಿ. ಮೇಷ್ಟ್ರ ಮಧ್ಯಾಹ್ನದ ಊಟ ಯಾವತ್ತೂ ಅದೇ. ಮೀಸೇಲಿ ಈರುಳ್ಳಿ ಚೂರು ಸಿಕ್ಕಿಸ್ಕೊಂಡೇ ಸಂಜೆವರೆಗೂ ಪಾಠ ಹೇಳ್ತಿದ್ರು. ವೀಬ್ಕೆ ಹುಟ್ಟಿದಾಗಿಂದ ಮೀನು ಮುಟ್ಟಿದೋಳಲ್ಲ, ಮೀನಂಗಡಿ ಇರೋ ಬೀದೀಲೇ ಹೋಗ್ತಿರ್ಲಿಲ್ಲ. ಉಗುಳಿದ್ಲು, ಬಾಯಿ ತೊಳೆದ್ಲು, ಹಲ್ಲುಜ್ಜಿದ್ಲು.

ಆಮೇಲೆ ಪೀಪಿ ಮಾತ್ರ ಬಾಯಿಗಿಟ್ಟು ಒಂದು ಸಲ ಊದಿ ನೋಡಿದ್ಲು. ಕ್ರ್ವಾ... ಬಾತುಕೋಳಿ ಕತ್ತು ಹಿಸುಕಿದ ಸದ್ದು. ಅದು ಚೆನ್ನಾಗಿ ಬಂದ್ರೆ ಪೀಪಿ ಚೆನ್ನಾಗಿದೆ ಅಂತ ಲೆಕ್ಕ. ಇಷ್ಟು ಚೆನ್ನಾಗಿ ಅವಳಿಗೆ ಯಾವ ಪೀಪೀಲೂ ಬಂದಿರ್ಲಿಲ್ಲ.

ಬೆಳಿಗ್ಗೆ ಅದನ್ನೇ ತಗೊಂಡು ಹೋದ್ಲು.

ಮಠದ ದೊಡ್ಡ ಸಭಾಂಗಣ. ಎದುರಿಗೆ ಸಾಲಾಗಿ ಕೂತ ಪರೀಕ್ಷಕರು, ನಡುವೆ ಓಸ್ಟ್ರೋಪ್ ಮೇಡಂ. ಅವರೂ ಒಂದು ಕಾಲದಲ್ಲಿ ಕ್ಲೂಸೆನರ್ ಮೇಷ್ಟ್ರ ಶಿಷ್ಯೆ. ನಗೋದು ಕಡಿಮೆ. ಹಿಂದಿನ ಸಾಲಲ್ಲಿ ಮಾಲ್ಟೆ, ಕಾಲಿಗೆಲ್ಲ ಪಟ್ಟಿ ಸುತ್ಕೊಂಡು.

"ಶುರು ಮಾಡಮ್ಮ," ಅಂದ್ರು ಮೇಡಂ.

ಮೊದಲ ಸ್ವರ ಬಂತು ನೋಡಿ... ಬೆಣ್ಣೆ. ಪರೀಕ್ಷಕರೊಬ್ಬರು ಹಿಡಿದಿದ್ದ ಪೆನ್ನು ಕೆಳಗಿಟ್ರು. ಹೊರಗೆ ಹಿಮ ಬೀಳೋದು ನಿಂತ್ಕೊಂಡ್ತು ಅಂತಾರೆ, ನಾನು ಅಲ್ಲಿರ್ಲಿಲ್ಲ.

ಮೊದಲ ಪುಟ ಮುಗಿಯೋ ಹೊತ್ತಿಗೆ ವೀಬ್ಕೆಗೆ ಗೊತ್ತಾಯ್ತು. ಭಯಕ್ಕೆ ಅವಳ ಬಾಯಿ ಒಣಗಿತ್ತು. ಆದ್ರೂ ಎಂಜಲು ತುಂಬ್ಕೊಳ್ತಿತ್ತು. ಅವಳದಲ್ಲ. ಪೀಪಿಯಿಂದ ಬಾಯಿಗೆ ಬರ್ತಿತ್ತು. ಬೆಚ್ಚಗೆ, ಗಟ್ಟಿಯಾಗಿ, ಮೀನು ಈರುಳ್ಳಿ ನಾತದ್ದು. ನಾಲಿಗೆ ಅಡಿ ತುಂಬಿತು. ದವಡೆ ತುಂಬಿತು. ಉಗುಳೋ ಹಾಗಿಲ್ಲ, ಬಾಯಿ ತೆಗೆದ್ರೆ ಸ್ವರ ನಿಲ್ಲುತ್ತೆ. ನಿಂತ್ರೆ ಎಲ್ಲ ನಿಂತ ಹಾಗೆ. ಇನ್ನೂ ಎರಡು ಪುಟ ಬಾಕಿ.

ತುಟಿ ಅಂಚಿಂದ ಒಂದು ಎಳೆ ಜಾರಿ ಗಲ್ಲದ ಮೇಲೆ ಇಳೀತು. ಮಾಲ್ಟೆ ಮುಖ ಆಚೆ ತಿರುಗಿಸಿದ.

ಕೊಳವೆ ಒಳಗಿಂದ, ಅವಳಿಗೆ ಮಾತ್ರ ಕೇಳೋ ಹಾಗೆ...

"ನುಂಗು."

ವೀಬ್ಕೆ ನುಂಗಿದ್ಲು.

ಗಂಟಲಲ್ಲಿ ಇಳಿದಿದ್ದು ನೀರಾಗಿದ್ರೆ ಹೇಗೋ ಆಗ್ತಿತ್ತು. ನಡುವೆ ಏನೋ ಮೆತ್ತಗೆ ಗೊತ್ತಾಯ್ತು, ಎಳೆ ಎಳೆಯಾಗಿ. ಮತ್ತೆ ತುಂಬಿತು. ಮತ್ತೆ ನುಂಗಿದ್ಲು. ಅಷ್ಟೂ ಹೊತ್ತು ವಾದ್ಯ ಮಾತ್ರ ಅಮೃತ ಸುರಿಸ್ತಿತ್ತು. ಉಸಿರು ತಗೊಳ್ಳೋ ಜಾಗಗಳೂ ಅವಳದಲ್ಲ. ಮೇಷ್ಟ್ರು ಎಲ್ಲೆಲ್ಲಿ ತಗೋತಿದ್ರೋ ಅಲ್ಲಲ್ಲೇ.

ಕೊನೇ ಸ್ವರ ಮುಗೀತು. ಯಾರೂ ಅಲುಗಾಡ್ಲಿಲ್ಲ. ಆ ಮೌನದಲ್ಲಿ ಅವಳ ಬಾಯಿಂದ ತಾನಾಗೇ ಒಂದು ಸದ್ದು ಬಂತು.

ಸುರ್ರ್... ಚಪ್.

ಓಸ್ಟ್ರೋಪ್ ಮೇಡಂ ಮುಖದ ರಕ್ತ ಇಳೀತು. ಎದ್ದು ಹತ್ರ ಬಂದ್ರು. ಮೂಗಿಗೆ ಕರವಸ್ತ್ರ ಒತ್ಕೊಂಡು ಪಿಸುಗುಟ್ಟಿದ್ರು.

"ಗುಂಡಿಗೆ ಹಾಕಿದ್ದು ಯಾರ ಪೀಪಿ?"

ವೀಬ್ಕೆ ಬಾಯಿ ತೆಗೀಲಿಲ್ಲ. ತೆಗೆಯೋ ಹಾಗಿರ್ಲಿಲ್ಲ, ಮತ್ತೆ ತುಂಬಿತ್ತು. ಅಂಗೈಲಿ ಬಾಯಿ ಮುಚ್ಕೊಂಡು ಹೊರಗೆ ಓಡಿದ್ಲು.

ಶೌಚಾಲಯದಲ್ಲಿ ಮಾಲ್ಟೆ ಅವಳ ಕೂದಲು ಹಿಂದಕ್ಕೆ ಹಿಡ್ಕೊಂಡು ನಿಂತಿದ್ದ. ಅವಳು ಕಾರಿದ್ಲು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಬಿದ್ದಿದ್ದು ಒಂದು ಲೋಟ ಚಹಾ. ಬಂದಿದ್ದು ಹೆರಿಂಗ್. ಬೆಳ್ಳಿ ಬಣ್ಣದ ಸಿಪ್ಪೆ, ಉಂಗುರ ಉಂಗುರ ಈರುಳ್ಳಿ. ನಾನು ಒಂದು ತಟ್ಟೆ ಅಂತ ಹೇಳ್ತೀನಿ, ಮಾಲ್ಟೆ ಒಂದು ಬಕೆಟ್ ಅಂತಾನೆ. ಕೊನೇಲಿ ನಾಲಿಗೆಗೆ ಏನೋ ಸಿಕ್ಕೊಂಡ್ತು. ಎರಡು ಬೆರಳು ಹಾಕಿ ಎಳೆದ್ಲು. ಎಳೆದಷ್ಟೂ ಬಂತು. ಮೀಸೆ ಕೂದಲು, ನರೆತಿದ್ದು, ತುದಿ ಹೊಗೆಸೊಪ್ಪಿಗೆ ಹಳದಿ ತಿರುಗಿದ್ದು.

"ಇದು ನಂದಲ್ಲ," ಅಂದ ಮಾಲ್ಟೆ. ಆ ಹೊತ್ತಲ್ಲೂ.

ಮೇಷ್ಟ್ರ ಗುಂಡಿ ಮುಚ್ಚಿ ಆಗಿತ್ತು, ದನಿ ಬಂದಿದ್ದೂ ಬಾವಿಯಿಂದಲೇ. ಅಲ್ಲಿಂದ ಇಬ್ರೂ ನೆಟ್ಟಗೆ ಬಾವಿಗೆ ಹೋದ್ರು. ವೀಬ್ಕೆ ಪೀಪಿಯ ತುದಿ ಮುರಿದ್ಲು. ಟಿಕ್. ಒಣ ಕಡ್ಡಿ ಹಾಗೆ ಮುರೀಲಿಲ್ಲ, ಹಸೀ ಉಗುರು ಹಾಗೆ ಮುರೀತು. ಎರಡೂ ತುಂಡು ಒಳಗೆ ಹಾಕಿದ್ಲು.

"ತಪ್ಪಾಯ್ತು ಮೇಷ್ಟ್ರೇ," ಅಂದ್ಲು. "ಅವತ್ತೇ ಮುರೀಬೇಕಿತ್ತು."

ಕಾದ್ರು. ಬಿದ್ದ ಸದ್ದು ಬರ್ಲಿಲ್ಲ. ಮಾರನೇ ದಿನ ಊಟದ ಹೊತ್ತಿಗೆ ನಾನೇ ಹೋಗಿ ಬಾವಿ ಕಟ್ಟೆಗೆ ಕಿವಿ ಇಟ್ಕೊಂಡು ಕೂತಿದ್ದೆ. ಆಗಲೂ ಬರ್ಲಿಲ್ಲ.

ಪಾಸು ಅಂತೂ ಆದ್ಲು. ಹಾಗೆ ನುಡಿಸಿದೋರನ್ನ ಆ ಮಠ ಕಂಡಿರ್ಲಿಲ್ಲ ಅಂತ ಪರೀಕ್ಷಕರೆಲ್ಲ ಒಪ್ಪಿದ್ರು. ಓಸ್ಟ್ರೋಪ್ ಮೇಡಂ ಮಾತ್ರ ಸಹಿ ಹಾಕಿ, ಪೆನ್ನು ಅಲ್ಲೇ ಬಿಟ್ಟು ಕೈ ತೊಳೆಯೋಕೆ ಹೋದ್ರಂತೆ.

ಅದರಿಂದ ಏನು ಬಂತು ಹೇಳಿ. ಆಮೇಲೆ ಅವಳು ಯಾವ ಪೀಪಿ ಬಾಯಿಗಿಟ್ರೂ ಅದೇ ರುಚಿ. ಅಂಗಡಿಯಿಂದ ಆಗಷ್ಟೇ ತಂದ ಜೊಂಡಿಗೂ ಹೆರಿಂಗ್, ಈರುಳ್ಳಿ. ಚಳಿಗಾಲ ಮುಗಿಯೋದ್ರೊಳಗೆ ವಾದ್ಯ ಮಾರಿ ಹೋದ್ಲು. ಈಗ ಬ್ರೇಮನ್ ಕಡೆ ಮಕ್ಕಳಿಗೆ ಡೋಲು ಬಾರಿಸೋದು ಕಲಿಸ್ತಾಳೆ. ಬಾಯಿಗೆ ಏನೂ ಇಡ್ಬೇಕಾಗಿಲ್ಲವಲ್ಲ.

ಹೋಗುವಾಗ ನಮ್ಮ ಮೊಟ್ಟೆ ಬಟ್ಟಲನ್ನ ಅಟ್ಟದ ಕಿಟಕಿ ಮೇಲೇ ಬಿಟ್ಟು ಹೋದ್ಲು. ಹೆಂಡ್ತಿ ತೊಳೆದು, ಒರೆಸಿ, ಅಲ್ಲೇ ಬೋರಲು ಹಾಕಿ ಬಂದ್ಲು. ಬೆಳಿಗ್ಗೆ ನೋಡಿದ್ರೆ ನೆಟ್ಟಗೆ ನಿಂತಿತ್ತು. ಒಳಗೆ ಎರಡು ಬೆರಳು ನೀರು. ಉಗುರುಬೆಚ್ಚಗೆ. ಅಟ್ಟದಲ್ಲಿ ನಲ್ಲಿ ಇಲ್ಲ, ಮಾಡು ಸೋರಲ್ಲ, ಬೀಗದ ಕೈ ಇರೋದು ನನ್ನ ಜೇಬಲ್ಲಿ. ಚೆಲ್ಲಿದ್ರೆ ಮಾರನೇ ದಿನ ಮತ್ತೆ ಅಷ್ಟೇ. ಈಗ ಚೆಲ್ಲೋದೂ ಬಿಟ್ಟಿದೀವಿ.

ಸುಳ್ಳು ಅನ್ನೋರು ಮೇಲೆ ಹೋಗಿ ನೋಡ್ಕೊಂಡು ಬನ್ನಿ. ಬಟ್ಟಲು ಅಲ್ಲೇ ಇದೆ. ಭಾನುವಾರ ನಾನು ಮೊಟ್ಟೆಯನ್ನ ಕೈಲೇ ಹಿಡ್ಕೊಂಡು ತಿಂತೀನಿ.