ಗಂಡನ ಹೆಸರು

ನಿಜಾಮರ ಕಾಲದ ಮಸ್ಕಿ. ಬೇವಿನ ನೆರಳಲ್ಲಿ ಲಿಂಗಸೂಗೂರಿನ ಮೋಟಾರಿಗೆ ಕಾಯುತ್ತಾ ಪೀರಮ್ಮ ತೂಕಡಿಸುತ್ತಿದ್ದಳು. ಪಕ್ಕದಲ್ಲಿ ಕೂತ ಮುದುಕ, ಮುದುಕಿಯ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸಿತು.

“ನೀರು ಕುಡೀತಿಯೇನು?” ಎಂದ ಮುದುಕ.

“ಬ್ಯಾಡ್ರೀ, ನಮ್ಮನಿಯವ್ರು ಬರ್ಲಿ.”

“ಎಲ್ಲಿ ಹೋಗ್ಯಾರ?”

“ಹೊಲಕ್ಕ ಹೋಗ್ಯಾರ. ನೀವೇನರ ಅವ್ರನ್ನ ಕಂಡ್ರೇನ್ರೀ?”

“ಅವರ ಹೆಸರೇನು?”

ಪೀರಮ್ಮನಿಗೆ ಎಚ್ಚರವಾಯಿತು. ಗಂಡನ ಹೆಸರನ್ನು ಯಾವ ಹೆಂಡತಿ ಬಾಯಿಬಿಟ್ಟು ಹೇಳುತ್ತಾಳೆ?

“ಸೂಗಪ್ಪ,” ಎಂದಳು ಮುದುಕಿ, ಸಲೀಸಾಗಿ.

ಮುದುಕನ ಕಣ್ಣು ತುಂಬಿತು. “ಲಗ್ನ ಆದಾಗಿಂದ ಒಮ್ಮೆನೂ ನನ್ನ ಹೆಸರು ಅಂದಿದ್ದಿಲ್ಲ ನೀ.”

“ಯಾರ ಲಗ್ನಾರೀ?”

“ಇರ್ಲಿ ಬಿಡು. ಇನ್ನೊಮ್ಮೆ ಅನ್ನು.”

“ಸೂಗಪ್ಪ.”

ಮೋಟಾರು ಬಂತು. ಮುದುಕ ಕೈ ಚಾಚಿದ.

“ಕೈ ಹಿಡೀಬ್ಯಾಡ್ರೀ, ನಮ್ಮನಿಯವ್ರು ನೋಡಿದ್ರ ಏನಂದಾರು!”

ಅವನು ಹೆಗಲ ವಸ್ತ್ರದ ತುದಿ ಕೊಟ್ಟ. ಮುದುಕಿ ಅದನ್ನು ಹಿಡಿದುಕೊಂಡು, ಮದುವಣಗಿತ್ತಿಯಂತೆ ಅವನ ಹಿಂದೆ ಮೋಟಾರು ಹತ್ತಿದಳು.